ಎಡಮೂಲೆಯ ಕೆಂಪು

ಬೆಳಿಗ್ಗೆ ಒಂಬತ್ತು ಗಂಟೆ, ಕೆಂಪು ಇನ್ನೂ ಒಣಗಿಲ್ಲ. ಬೆರಳಿಗೆ ಅಂಟುತ್ತದೆ, ಎಣ್ಣೆ ಬಣ್ಣ, ಇನ್ನೂ ಕೆಲವು ದಿನ ಬೇಕು, ಕಾರ್ಮಿಕ ಸಂಘದ ವ್ಯಾನು ಹತ್ತಕ್ಕೇ ಬರುತ್ತದೆ, ಅಂಚು ಹಿಡಿದು ಎತ್ತಿ ಅಂತ ಹೇಳಬೇಕು. ಅದಕ್ಕೂ ಮುಂಚೆ ಅಣ್ಣ ಬರುತ್ತಾನೆ, ಗಿರಣಿ ಗೋಡೆಗೆ ಹೋಗೋ ಮುಂಚೆ ನಾನೊಂದ್ಸಲ ನೋಡ್ತೀನಿ ಪುಟ್ಟೀ ಅಂದಿದ್ದಾನೆ. ಕನ್ನಡಿ ಯಾಕಾದರೂ ಹಿಡಿದೆನೋ. ಚಿತ್ರ ಮುಗಿದ ಮೇಲೆ ಅದಕ್ಕೆ ಬೆನ್ನು ಹಾಕಿ ನಿಂತು ಕೈಗನ್ನಡಿಯಲ್ಲಿ ನೋಡುವುದು ಮೇಷ್ಟ್ರು ಹತ್ತಿಸಿದ ಚಾಳಿ, ಎಡ ಬಲವಾಗಿ ಬಲ ಎಡವಾಗಿ, ನಿನ್ನ ಚಿತ್ರ ಬೇರೆ ಯಾರದ್ದೋ ಅನ್ನೋ ಹಾಗೆ ಕಾಣುತ್ತೆ ಕಣಮ್ಮ, ಆಗ ತಪ್ಪು ತಾನಾಗೇ ಹಲ್ಲು ಕಿರಿಯುತ್ತೆ. ಹಲ್ಲು ಕಿರಿಯಲಿಲ್ಲ. ಮೂಲೆಯವನ ಸೊಂಟದಿಂದ ಜೋತಾಡಿತು. ಒಂದು ಕೆಂಪು ದಾರ.

ದಾರ ಬರೆದವಳಲ್ಲ ನಾನು. ತೂಕ ಸರಿಮಾಡಿದೆ, ಅಷ್ಟೇ. ನೂಲು ಸುತ್ತುವ ಕೋಣೆಗೆ ಬೆಂಕಿ ಬಿದ್ದ ದಿನ ಆ ಪಾಳಿಯಲ್ಲಿದ್ದವರೆಲ್ಲ ಚಿತ್ರದಲ್ಲಿರಬೇಕು, ಸತ್ತವರೂ ಉಳಿದವರೂ, ಸಂಘದ ಕಾರ್ಯದರ್ಶಿ ಹೇಳಿದ್ದು, ಆದ್ರೆ ಬೆಂಕಿ ಬೇಡ ಮೇಡಂ, ಹೆಂಗಸರು ದಿನಾ ಅದರ ಮುಂದೇನೇ ಕೆಲಸಕ್ಕೆ ಹೋಗ್ಬೇಕು. ಹಾಗಾಗಿ ಬೆಂಕಿ ಇಲ್ಲ. ಎಡಕ್ಕೆ ನೇರ ಗೆರೆಗಳು, ಕಂಬ, ಎಳೆದು ಕಟ್ಟಿದ ನೂಲು, ಎಲ್ಲ ನೆಟ್ಟಗೆ, ಎಂದಿನ ಕೆಲಸದ ದಿನ. ಬಲಕ್ಕೆ ಹೋದಂತೆ ನೂಲು ಓರೆ, ಭುಜಗಳು ಓರೆ, ಚಾಚಿದ ಕೈಗಳೆಲ್ಲ ಬಲತುದಿಯ ಹಿಂಬಾಗಿಲಿಗೆ. ಬೂದಿಗೆ ತಿರುಗಿದ ನೀಲಿ ಬಿಟ್ಟರೆ ಬೇರೆ ಬಣ್ಣವಿಲ್ಲ, ಮುಚ್ಚಿದ ಬಾಗಿಲ ಕೆಳಗೆ ಒಂದೆಳೆ ಬೆಳಕು. ಸಾಕು ಅಂದುಕೊಂಡಿದ್ದೆ, ಮೇಷ್ಟ್ರು ಬಂದು ನೋಡಿ ನಕ್ಕರು, ಏನಮ್ಮಾ ಇದು, ತುಂಬಿದ ಬಸ್ಸಿನ ಹಾಗೆ ಜನವೆಲ್ಲ ಒಂದೇ ಬಾಗಿಲಿಗೆ ಜೋತುಬಿದ್ದು ವಾಲಿದೆಯಲ್ಲ, ಎಡತುದೀಲಿ ಏನಾದ್ರೂ ಇಡು, ದೊಡ್ಡದು ಬೇಡ, ಚಿಕ್ಕದು, ಕಣ್ಣಿಗೆ ಹೊಡೆಯೋ ಬಣ್ಣ, ತಕ್ಕಡಿ ನಿಲ್ಲುತ್ತೆ. ಎಡತುದಿಯಲ್ಲಿ ಅಣ್ಣನಿದ್ದ. ಮೂಲೇಲಿ ಎಲ್ಲಾದ್ರೂ ನಿಲ್ಸು, ಯಾರಿಗೂ ಕಾಣ್ಬಾರ್ದು ಅಂತ ಅವನೇ ಕೇಳಿಕೊಂಡದ್ದು, ಪಕ್ಕದಿಂದ ಅತ್ತಿಗೆ, ಕಾಣ್ಲಿ ಬಿಡು, ಹೊಟ್ಟೆ ಮಾತ್ರ ಸ್ವಲ್ಪ ಒಳಗೆ ತಳ್ಳಿ ಬರಿ, ನಾನೇ ತಿನ್ಸಿ ತಿನ್ಸಿ ಹಾಳ್ಮಾಡ್ದೆ ಅಂತಾರೆ ಜನ. ಮೂಲೆಯವನ ಸೊಂಟದ ಬಳಿ ಒಂದು ಚುಕ್ಕೆ ಕೆಂಪು ಇಟ್ಟೆ, ಬ್ರಷ್ಷು ಎತ್ತುವಾಗ ಕೆಳಗೆ ಒಂದು ಬಾಲ ಬಂತು, ಚೆನ್ನಾಗಿದೆ ಅನ್ನಿಸಿ ಬಿಟ್ಟೆ. ಚಿತ್ರ ನೆಟ್ಟಗಾಯಿತು. ಖುಷಿಯಲ್ಲಿ ಚಹಾ ಕಾಸಿಕೊಂಡೆ.

ಅವನ ಕೀಲಿಗೊಂಚಲಿಗೆ ಕೆಂಪು ದಾರವಿತ್ತು. ಗಿರಣಿಗೆಲ್ಲ ಗೊತ್ತು, ಅಮ್ಮ ಹೆಣೆದು ಕೊಟ್ಟದ್ದು, ಎಲ್ಲಾದ್ರೂ ಬೀಳಿಸ್ಕೊಂಡು ಬರ್ತೀಯ ಕಣೋ, ಕೆಂಪಾದ್ರೆ ಕಣ್ಣಿಗೆ ಬೀಳುತ್ತೆ. ಆ ಪಾಳಿಯ ಮೇಲ್ವಿಚಾರಕ ಅವನು, ನೂಲು ಕಳುವಾಗದಿರಲೆಂದು ಹಿಂಬಾಗಿಲಿಗೆ ಬೀಗ ಹಾಕುವುದು ಅವನ ಕೆಲಸ. ಕೀಲಿ ಕಚೇರಿಯ ಮೊಳೆಯಲ್ಲಿತ್ತು, ಹೊಗೆಯಲ್ಲಿ ಅಲ್ಲಿಗೆ ಹೋಗಲಾಗಲಿಲ್ಲ, ವಿಚಾರಣೆಯಲ್ಲಿ ಹೇಳಿದ, ನಂಬಿದರು, ನಾನೂ ನಂಬಿದೆ, ಈಗಲೂ, ಇಲ್ಲ, ಈಗ — ಆ ಸಂಜೆ ನೇರ ನನ್ನ ಮನೆಗೇ ಬಂದ, ಗಿರಣಿಗೆ ಹತ್ತಿರವೆಂದು, ನಿಂತೇ ನೀರು ಕುಡಿದ, ಗಂಟಲಲ್ಲಿ ಗಟಗಟ ಸದ್ದು, ಕೂದಲಲ್ಲಿ ಸುಟ್ಟ ಹತ್ತಿಯ ವಾಸನೆ, ಲೋಟ ಎತ್ತಿದಾಗ ಅಂಗಿ ಮೇಲೆ ಸರಿದು, ಅಲ್ಲಿ, ಸೊಂಟದಲ್ಲಿ. ನೋಡಿದೆನೆ? ಅಥವಾ ನಿನ್ನೆ ಬಳಿದ ಬಣ್ಣ ಹಿಂದಕ್ಕೆ ಹರಿದು ಆ ಸಂಜೆಯನ್ನು ಕೆಡಿಸುತ್ತಿದೆಯೆ? ಲೋಟ ಸ್ಪಷ್ಟ, ಅಂಗಿಯ ಪಟ್ಟೆ ಸ್ಪಷ್ಟ, ದಾರ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಇಷ್ಟರ ಮೇಲೆ ಒಡಹುಟ್ಟಿದವನನ್ನು ಗೋಡೆಗೆ ತೂಗುಹಾಕಲೆ? ಬಟ್ಟೆಗೆ ಟರ್ಪೆಂಟೈನ್ ಹಾಕಿದ್ದೇನೆ, ಒಂದು ಸಲ ಒರೆಸಿದರೆ ಆಯಿತು. ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಚಾಚಿ ಕೆಂಪನ್ನು ಮರೆಮಾಡುತ್ತೇನೆ: ಕೈಗಳು ಬಾಗಿಲಿಗೆ ಹೋಗಿ ಅಲ್ಲೇ ನಿಲ್ಲುತ್ತವೆ, ಬಾಗಿಲು ಬರೀ ಬಾಗಿಲು, ಹೊಗೆ, ಹಣೆಬರಹ, ಪಾಪ. ಹೆಬ್ಬೆರಳು ತೆಗೆದರೆ ಕಣ್ಣು ಬಾಗಿಲಿಂದ ಹಿಂದಿರುಗಿ ಇಡೀ ಕೋಣೆ ದಾಟಿ ಮೂಲೆಯವನ ಸೊಂಟಕ್ಕೆ ಬರುತ್ತದೆ, ಮತ್ತೆ ಬಾಗಿಲಿಗೆ, ಮತ್ತೆ ಸೊಂಟಕ್ಕೆ. ಅದೇ ಕೆಂಪನ್ನು ಗೋಡೆಗೆ ಸರಿಸಿದರೆ, ಅವನಿಂದ ಒಂದು ಗೇಣು ಆಚೆ, ಕ್ಯಾಲೆಂಡರಿನ ಹಾಗೆ — ಕ್ಯಾಲೆಂಡರು! ಎಂಥ ಬುದ್ಧಿವಂತೆ. ತಕ್ಕಡಿ ನಿಲ್ಲುತ್ತದೆ, ಅಣ್ಣ ಉಳಿಯುತ್ತಾನೆ, ನೋಡಿದವರ ಕಣ್ಣು ತಾರೀಖಿನ ಮೇಲೆ ಬೀಳುತ್ತದೆ, ಸತ್ತ ಅಷ್ಟು ಹೆಂಗಸರು ಒಂದು ತಾರೀಖಾಗುತ್ತಾರೆ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಅವನದೇ, ಬಟ್ಟೆ ಇನ್ನೂ ಕೈಯಲ್ಲೇ ಇದೆ. ಏನ್ ವಾಸ್ನೆನೇ ಪುಟ್ಟೀ, ಇದರಲ್ಲಿ ಹೇಗಿರ್ತೀಯೋ, ಎಲ್ಲಿ ನಿಲ್ಸಿದೀಯಾ ನನ್ನ? ನಗುತ್ತಲೇ ಹುಡುಕುತ್ತಾನೆ, ಅವನ ಕಣ್ಣೂ ಎಲ್ಲರ ಕಣ್ಣಿನಂತೆ ನಾನೆಳೆದ ದಾರಿಯಲ್ಲೇ ಹೋಗುತ್ತದೆ, ನೂಲಿನ ಗುಂಟ, ಭುಜಗಳ ಗುಂಟ, ಬಾಗಿಲಿಗೆ, ಹಿಂದಕ್ಕೆ. ನಿಲ್ಲುತ್ತದೆ. ಏನಿಲ್ಲ ಅಣ್ಣಾ, ತೂಕಕ್ಕೆ ಇಟ್ಟ ಚುಕ್ಕೆ ಅನ್ನಬೇಕು. ಅವನ ಬಲಗೈ ಮೆಲ್ಲಗೆ ಸೊಂಟಕ್ಕೆ ಹೋಗಿ ಏನೂ ಇಲ್ಲದ ಜಾಗವನ್ನು ಮುಚ್ಚಿಕೊಳ್ಳುತ್ತದೆ. ಯಾರು ಹೇಳಿದ್ರು ನಿನಗೆ? ಲೋಟ, ಅಂಗಿಯ ಪಟ್ಟೆ, ಕೆಂಪು ದಾರ, ಕೆಂಪು ದಾರ, ದಾರ —

ಹತ್ತಕ್ಕೆ ವ್ಯಾನು ಬಂತು, ಬಟ್ಟೆಗೆ ಕೆಂಪು ತಾಗಿರಲಿಲ್ಲ. ಅಂಚು ಹಿಡಿದು ಎತ್ತಿ, ಎಡಗಡೆ ಇನ್ನೂ ಹಸಿ ಇದೆ ಅಂದೆ.