ಎರಡನೇ ಹಾಡಿನ ನಂತರದ ಕೂಗು

ಸಂಜೆ ಆರೂವರೆ. ಕ್ಯಾಸೆಟ್ಟಿನಲ್ಲಿ ಅಕ್ಕನ ಕೂಗು ಇರಲಿಲ್ಲ.

ಲಿಫ್ಟ್ ಮೆಕ್ಯಾನಿಕ್ ಮತ್ತೆ ಹಿಂದಕ್ಕೆ ಸುತ್ತಿದ. ಎರಡನೇ ಹಾಡು ಮುಗಿಯಿತು, ಚಪ್ಪಾಳೆ, ತಕ್ಷಣ ಮೂರನೆಯದು. ನಡುವೆ ಏನೂ ಇಲ್ಲ. ದಿನವಿಡೀ ಲಿಫ್ಟಿನ ಕೆಳಗಿನ ಹಳ್ಳದಲ್ಲಿ ಬಗ್ಗಿ ಅವನ ಸೊಂಟ ಬಿದ್ದುಹೋಗಿತ್ತು. ಬೂಟು ಬಿಚ್ಚಲೂ ಮನಸ್ಸಿರಲಿಲ್ಲ.

"ಮಾವ, ಅಮ್ಮ ಕೂಗಿದ್ದು ಇದರಲ್ಲೇ ಅಂದಿದ್ರಲ್ಲ?" ಎಂದಳು ಅಕ್ಕನ ಮಗಳು.

ಅಂದಿದ್ದು ನಿಜ. ಅವಳು ಹುಟ್ಟುವ ಮುಂಚೆ ಅಕ್ಕ, ತಮ್ಮ ಇಬ್ಬರೂ ಒಂದು ರಾಕ್ ಬ್ಯಾಂಡಿನ ಕಾರ್ಯಕ್ರಮಕ್ಕೆ ಹೋಗಿದ್ದರು. ಟೇಪ್ ರೆಕಾರ್ಡರ್ ಅಕ್ಕನ ಚೀಲದಲ್ಲಿ ಅಡಗಿತ್ತು. ನೂಕುನುಗ್ಗಲಿನಲ್ಲಿ ಅವನು ಅಕ್ಕನ ಕಾಲು ತುಳಿದ, ಅವಳು ಬಾಯಿಗೆ ಬಂದಂತೆ ಬೈದಳು, ಟೇಪು ಎಲ್ಲವನ್ನೂ ಹಿಡಿಯಿತು. ಮಗಳು ತೊಟ್ಟಿಲಲ್ಲಿದ್ದಾಗಲೇ ಕಾಯಿಲೆಯೊಂದು ಅಕ್ಕನ ಧ್ವನಿಪೆಟ್ಟಿಗೆಯನ್ನು ತೆಗೆಸಿತು. ಅವಳ ಮಾತು ಬೇರೆಲ್ಲೂ ಉಳಿದಿರಲಿಲ್ಲ. ಮಗಳು ತಾಯಿಯ ಧ್ವನಿ ಕೇಳಿದವಳೇ ಅಲ್ಲ.

ಬ್ಯಾಂಡು ಒಡೆದ ಮೇಲೆ ಆ ಧ್ವನಿಮುದ್ರಣಕ್ಕಾಗಿ ಸಂಗ್ರಾಹಕರು ಮುಗಿಬಿದ್ದಿದ್ದರು. ಅವರಿಗೆ ಬೇಕಾದದ್ದು ಹಾಡು, ಅಕ್ಕತಮ್ಮಂದಿರ ಜಗಳವಲ್ಲ. ಕೆಮ್ಮು, ಸಿಳ್ಳೆ, ಕೂಗು ಕತ್ತರಿಸಿ 'ಸ್ವಚ್ಛ ಪ್ರತಿ' ಮಾಡುವುದರಲ್ಲಿ ಮೆಕ್ಯಾನಿಕ್ ಎತ್ತಿದ ಕೈ. ಹಾಗೆ ಮಾಡಿದ್ದನ್ನು ಮೂಲ ಕ್ಯಾಸೆಟ್ಟಿನ ಮೇಲೇ ತುಂಬಿಸಿ, ಮರೆತೂಬಿಟ್ಟಿದ್ದ. ಆಗ ಅಕ್ಕ ಮನೆಯಲ್ಲಿ ದಿನವಿಡೀ ಮಾತಾಡುತ್ತಿದ್ದಳು. ಅವಳ ಕೂಗನ್ನು ಉಳಿಸಿಕೊಳ್ಳಬೇಕೆಂದು ಯಾರಿಗೆ ಹೊಳೆಯುತ್ತದೆ?

ಕತ್ತರಿಸುವ ಮುಂಚೆ ಒಂದು ಪ್ರತಿ ಹೊರಗೆ ಹೋಗಿತ್ತು, 'ಗಡ್ಡ' ಎಂದು ಕರೆಸಿಕೊಳ್ಳುತ್ತಿದ್ದ ಸಂಗ್ರಾಹಕನ ಕೈಗೆ.

ಮರುದಿನ ಕೆಲಸ ಮುಗಿಸಿ ಮೆಕ್ಯಾನಿಕ್ ಅವನ ಮನೆಗೆ ಹೋದ. ಗಡ್ಡ ಬೋಳಿಸಿ ವರ್ಷಗಳಾದರೂ ಆ ಹೆಸರು ಹೋಗಿರಲಿಲ್ಲ. ಕೋಣೆಯ ತುಂಬ ಹಳೇ ಪೋಸ್ಟರುಗಳು, ಗಾಜಿನಡಿ ಹರಿದ ಟಿಕೆಟುಗಳು.

"ಏನೋ, ದಾರಿ ತಪ್ಪಿ ಬಂದ್ಯಾ?"

"ಆ ರಾತ್ರೀದು, ಮೊದಲ್ನೇ ಪ್ರತಿ ಇದ್ಯಾ?"

"ಇದೆ. ನಿನ್ನ ಸ್ವಚ್ಛದ್ದು ಯಾರಿಗೆ ಬೇಕು? ಸೋಪು ಹಾಕಿ ಒಗೆದ ಹಾಗಿದೆ. ಬದಲಿಗೆ ಏನು ಕೊಡ್ತೀಯ?"

ಬದಲಿಗೆ ಏನಾದರೂ ಕೊಡದೆ ಆ ಬಳಗದಲ್ಲಿ ಯಾರೂ ಏನನ್ನೂ ಒಯ್ಯುತ್ತಿರಲಿಲ್ಲ. ಅದೇ ಕಾರ್ಯಕ್ರಮದಲ್ಲಿ ಡ್ರಮ್ ಬಾರಿಸುವವನು ಜನರತ್ತ ಎಸೆದಾಗ ಮೆಕ್ಯಾನಿಕ್ ಕೈಗೆ ಸಿಕ್ಕಿದ್ದ ಕೋಲಿಗಾಗಿ ಗಡ್ಡ ಮೊದಲಿನಿಂದಲೂ ಜೊಲ್ಲು ಸುರಿಸುತ್ತಿದ್ದ. ಮೆಕ್ಯಾನಿಕ್ ಸ್ಪ್ಯಾನರುಗಳ ಚೀಲದಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟ.

ಗಡ್ಡನ ನಗು ನಿಂತಿತು. "ಏನಾಯ್ತೋ?"

"ಅಕ್ಕನ ಮಗಳಿಗೆ ಅವಳಮ್ಮನ ಧ್ವನಿ ಕೇಳ್ಬೇಕಂತೆ."

ಗಡ್ಡ ಎದ್ದು ಕ್ಯಾಸೆಟ್ಟು ಹುಡುಕಿ ಕೊಟ್ಟ. ಕೋಲನ್ನು ಮಾತ್ರ ವಾಪಸ್ ಕೊಡಲಿಲ್ಲ. ಇವನೂ ಕೇಳಲಿಲ್ಲ.

ಮನೆಯಲ್ಲಿ ಅಕ್ಕ, ಮಗಳು, ಅವನು ಮೂವರೂ ಟೇಪಿನ ಮುಂದೆ ಕುಳಿತರು. ಎರಡನೇ ಹಾಡು ಮುಗಿಯಿತು.

"ಲೋ ಎಮ್ಮೆ, ಕಾಲು ತೆಗಿಯೋ! ಹಾಡು ಕೇಳೋಕೆ ಬಂದ್ಯೋ, ನನ್ನ ಪಾದ ಅರೆಯೋಕೆ ಬಂದ್ಯೋ?"

ಮಗಳು ಬಾಯಿ ಮುಚ್ಚಿಕೊಂಡಳು. "ಅಮ್ಮಾ, ಇಷ್ಟು ಜೋರಿದ್ಯಾ ನೀನು?"

ಅಕ್ಕನ ಭುಜಗಳು ಸದ್ದಿಲ್ಲದೆ ಕುಲುಕಿದವು. ಅವಳು ಕಾಲು ಚಾಚಿ ತಮ್ಮನ ಪಾದದ ಮೇಲಿಟ್ಟು ಬಲವಾಗಿ ಒತ್ತಿದಳು. ಅವನು ಕಾಲು ಎಳೆದುಕೊಳ್ಳಲಿಲ್ಲ.

ಮಗಳು ಆ ಮಾತನ್ನು ಸಾಕೆನ್ನುವವರೆಗೂ ಕೇಳಿದಳು. ಆಮೇಲೆ ಮೆಕ್ಯಾನಿಕ್ ಕ್ಯಾಸೆಟ್ಟು ಹೊರತೆಗೆದು, ಅದರ ಬೆನ್ನಿನ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನೂ ಸ್ಕ್ರೂಡ್ರೈವರಿನಿಂದ ಮುರಿದುಹಾಕಿದ. ಅವು ಇಲ್ಲದ ಕ್ಯಾಸೆಟ್ಟಿನ ಮೇಲೆ ಟೇಪ್ ರೆಕಾರ್ಡರ್ ಬೇರೇನನ್ನೂ ತುಂಬಿಸುವುದಿಲ್ಲ.