ಕಳ್ಳಿಯ ಕುಂಕುಮ

ಹುಳು ಸಾಕುವ ಗಂಡನನ್ನು ಕಟ್ಟಿಕೊಂಡವಳಿಗೆ ಮನೆಯಲ್ಲಿ ಕೂಡಲಿಕ್ಕೂ ಜಾಗ ಸಾಲದು. ಪುಣೆಯ ಸದಾಶಿವ ಪೇಠದ ವಾಡೆಯಲ್ಲಿ ನಮಗಿದ್ದದ್ದು ಎರಡು ಕೋಣೆ. ಒಂದರಲ್ಲಿ ಒಲೆ, ದೇವರು, ನನ್ನ ಪುಸ್ತಕಗಳು ಮತ್ತು ನಾವಿಬ್ಬರು. ಇನ್ನೊಂದು ಪೂರ್ತಿ ಹುಳುಗಳದು. ನನ್ನ ಗಂಡ ಪ್ರಲ್ಹಾದರಾಯರಿಗೆ ಸರಕಾರದ ಕೃಷಿ ಖಾತೆಯಲ್ಲಿ ಕೆಲಸ. ಬೆಳೆ ತಿನ್ನುವ ಹುಳು ಯಾವುದು, ಆ ಹುಳುವನ್ನು ತಿನ್ನುವ ಹುಳು ಯಾವುದು ಎಂದು ನೋಡುವುದು. ಹಗಲೆಲ್ಲ ಕಚೇರಿಯಲ್ಲಿ ನೋಡಿದ್ದು ಸಾಲದೆ ಮನೆಗೂ ಹೊತ್ತು ತರುತ್ತಿದ್ದರು. ಬಂದವರು ಆ ಕಡೆ ಕಾಲಿಟ್ಟರೆ "ಅಲ್ಲಿ ಬ್ಯಾಡ್ರಿ, ಅಲ್ಲಿ ಹುಳಾ ಅವ" ಎಂದು ನಾನೇ ಕೂಗಬೇಕು. ಒಂದು ತಿಂಗಳು ಇರುತ್ತೇನೆಂದು ಧಾರವಾಡದಿಂದ ಬಂದ ನನ್ನ ತಾಯಿ ಒಂದೇ ವಾರಕ್ಕೆ ಗಂಟು ಕಟ್ಟಿದಳು.

ಆದರೂ ಪುಣೆ ಅಂದರೆ ನನಗೆ ಪ್ರಾಣ. ಮದುವೆಯಾದ ಮೇಲೆ ಇವರೇ ಹಠ ಹಿಡಿದು ನನ್ನನ್ನು ಹೆಣ್ಣುಮಕ್ಕಳ ಟ್ರೇನಿಂಗ್ ಕ್ಲಾಸಿಗೆ ಸೇರಿಸಿದ್ದರು. ಇನ್ನೊಂದು ವರ್ಷ ಓದಿದರೆ ನಾನು ಶಾಲೆಯಲ್ಲಿ ಪಾಠ ಹೇಳುವ ಅಕ್ಕಾವರು. ಹೆಗಲ ತುಂಬ ಸೆರಗು ಹೊದ್ದು, ಕೈಯಲ್ಲಿ ಪುಸ್ತಕ ಹಿಡಿದು ಪೇಠದ ಓಣಿಯಲ್ಲಿ ಹೋಗುವಾಗ ನನಗೆ ನನ್ನ ಮೇಲೇ ಮೋಹ ಬರುತ್ತಿತ್ತು. ಅದನ್ನೇಕೆ ಮುಚ್ಚಿಡಲಿ?

ಇಂಥ ಹೊತ್ತಿನಲ್ಲಿ ಇವರ ಮೇಲಿನ ಸಾಹೇಬರು ಒಂದು ಮಾತು ಹೇಳಿಬಿಟ್ಟರು. ಪುಣೆಯ ಹತ್ತಿರದ ಶಿರೂರಿನ ಕಡೆ ಬಿಟ್ಟ ಹುಳು ಮಳೆಗಾಲಕ್ಕೆ ಮುಂಚೆ ಹಳ್ಳಿಹಳ್ಳಿಗೆ ಹಬ್ಬದಿದ್ದರೆ ಆ ಕೆಲಸ ಬಂದ್, ಪ್ರಲ್ಹಾದರಾಯರಿಗೆ ಸಿಂಧಿಗೆ ವರ್ಗ. ಸಿಂಧ್ ಪ್ರಾಂತ ಇನ್ನೂ ಮುಂಬಯಿ ಸರಕಾರದ ಕೈಯಲ್ಲೇ ಇದ್ದ ಕಾಲ ಅದು. ಅಲ್ಲಿ ನನಗೆ ಕ್ಲಾಸೂ ಇಲ್ಲ, ಶಾಲೆಯೂ ಇಲ್ಲ. ಇದ್ದದ್ದು ಮರಳು ಮತ್ತು ಹತ್ತಿಯ ಹುಳು.

ಶಿರೂರಿನಲ್ಲಿ ಬಿಟ್ಟದ್ದು ಕಳ್ಳಿಯ ಹುಳು. ಯಾವ ಪುಣ್ಯಾತ್ಮರು ಯಾವ ಕಾಲದಲ್ಲಿ ಬೇಲಿಗೆಂದು ಪಾಪಾಸುಕಳ್ಳಿ ನೆಟ್ಟರೋ, ಅದು ಬೇಲಿ ದಾಟಿ ಹೊಲಕ್ಕೆ ಬಂತು, ಹೊಲ ದಾಟಿ ಊರಿಗೆ ಬಂತು. ಕಡಿದರೆ ಬಿದ್ದ ತುಂಡೆಲ್ಲ ಹೊಸ ಗಿಡ. ಸುಟ್ಟರೆ ಬೇರಿನಿಂದ ಮತ್ತೆ ಚಿಗುರು. ಸಿಂಹಳದಿಂದ ತರಿಸಿದ ಈ ಹುಳು ಮಾತ್ರ ಕಳ್ಳಿಯ ಹಾಳೆಯಂಥ ದಪ್ಪ ಎಲೆಗೆ ಅಂಟಿ ಕೂತು ರಸ ಹೀರಿ ಹೀರಿ ಅದನ್ನು ಕೆಡವುತ್ತದೆ. ಬೇರೆ ಯಾವ ಗಿಡವನ್ನೂ ಮುಟ್ಟುವುದಿಲ್ಲ. ಮೈಮೇಲೆಲ್ಲ ಬಿಳಿ ಅರಳೆ ಹೊದ್ದಿರುತ್ತದೆ, ಹಾರುವುದಿಲ್ಲ. ಹುಳು ಕೂತ ಹಾಳೆಯನ್ನು ಮನುಷ್ಯರೇ ಒಯ್ದು ಮುಂದಿನ ಕಳ್ಳಿಯ ಮೇಲೆ ಇಡಬೇಕು. ದೊಡ್ಡ ಮಳೆ ಬಂದರೆ ಎಲ್ಲ ತೊಳೆದುಹೋಗುತ್ತದೆ. ಇದಿಷ್ಟನ್ನೂ ನಾನು ಅನ್ನಕ್ಕೆ ತುಪ್ಪ ಬಡಿಸುವಾಗ ಕೇಳಿ ಕಲಿತದ್ದು.

ಬೇಸಗೆಯ ಆರಂಭದಲ್ಲಿ ಒಂದು ಸಂಜೆ ಇವರು ಶಿರೂರಿನಿಂದ ಮುಖ ಇಳಿಬಿಟ್ಟುಕೊಂಡು ಬಂದರು.

"ನನ್ನ ಹುಳಾನ ದೇವಿ ಮಾಡ್ಯಾರ, ಇಂದೂ. ಸುತ್ತ ಕಲ್ಲು ಇಟ್ಟು ಪೂಜಾ ಮಾಡ್ಲಿಕತ್ತಾರ. ಒಂದು ಹಾಳಿ ಕಡೀಲಿಕ್ಕೆ ಹೋದ್ರ ಕುಡಗೋಲು ತೋರಸ್ತಾರ."

ಆದದ್ದು ಇಷ್ಟು. ಅಲ್ಲಿ ಗಾಣದ ಗೂಳಪ್ಪನ ಹೆಂಡತಿ ಕಲ್ಲವ್ವ ಎಂಬಾಕೆ ಕಳ್ಳಿಯ ಮೇಲಿನ ಬಿಳಿಯನ್ನು ನೋಡಿ, ಎಂಥ ಒಳ್ಳೇ ಹತ್ತಿ ಎಂದುಕೊಂಡು, ದೀಪಕ್ಕೆ ಬತ್ತಿ ಹೊಸೆಯಲು ಕಿತ್ತಳಂತೆ. ಎರಡು ಬೆರಳಲ್ಲಿ ಹೊಸೆದದ್ದೇ ತಡ, ಬೆರಳು ಕೆಂಪು, ಅಂಗೈ ಕೆಂಪು. ಆ ಹುಳುವಿನ ಮೈಯೊಳಗೆ ಇರುವುದೇ ಅಂಥ ಬಣ್ಣ. ದೇವರ ಬತ್ತಿಗೆ ಕೈ ಹಾಕಿದ ಮುತ್ತೈದೆಯ ಕೈತುಂಬ ಕುಂಕುಮ ಬಂದರೆ ಊರು ಸುಮ್ಮನಿದ್ದೀತೇ? ಶುಕ್ರವಾರಕ್ಕೆ ಜಾತ್ರೆ.

"ನೀವೇನಂದ್ರಿ ಅವರಿಗೆ?" ಎಂದು ಕೇಳಿದೆ.

"ಖರೇ ಏನದ ಅದನ್ನ ಹೇಳಿದೆ. ಇದು ಕುಂಕುಮ ಅಲ್ಲ, ಹುಳದ ರಕ್ತ ಅಂದೆ."

"ಹಣಿಗೆ ಹಚ್ಕೊಂಡು ನಿಂತ ಮುತ್ತೈದೇರ ಮುಂದ?"

"ಹೌದು. ಭೂತಗನ್ನಡಿ ಸೈತ ತೋರಿಸಿದೆ."

ನನಗೆ ನಗು, ಸಿಟ್ಟು, ಅಳು ಎಲ್ಲ ಒಟ್ಟಿಗೇ ಬಂತು. ಇಂಥ ಮನುಷ್ಯನನ್ನು ಹುಳುಗಳೇ ಪ್ರೀತಿಸಬೇಕು. ಮುಂದಿನ ಶುಕ್ರವಾರ ಕ್ಲಾಸಿಗೆ ರಜೆ ಹಾಕಿ, ಇವರನ್ನು ಮನೆಯಲ್ಲೇ ಕೂಡಿಸಿ, ಶಿರೂರಿನ ಮೋಟಾರು ಹತ್ತಿದೆ.

ಕಲ್ಲವ್ವ ದಪ್ಪ ಬಳೆಯ, ದಪ್ಪ ದನಿಯ ಹೆಂಗಸು. ತನ್ನ ಮನೆಯ ಮಗ್ಗುಲ ಹೊಲದಲ್ಲಿ, ಕಳ್ಳಿಯ ಮುಂದೆ ಮಣೆ ಹಾಕಿಕೊಂಡು ಮರಾಠಿಯಲ್ಲಿ ಎಲ್ಲರನ್ನೂ ಗದರಿಸುತ್ತಿದ್ದಳು. ಆ ಮರಾಠಿಯ ರಾಗ ಕೇಳಿಯೇ ನನಗೆ ಗುರುತು ಸಿಕ್ಕಿತು. ಕನ್ನಡದಲ್ಲಿ ಮಾತಾಡಿಸಿದೆ.

"ಅಯ್ಯ ನನ್ನ ತಾಯಿ! ಯಾ ಊರವ್ವಾ ನಿಂದು?"

"ಧಾರವಾಡ್ರಿ."

"ನಾ ಗೋಕಾಕ ಕಡೀಕಿ. ಇಲ್ಲಿ ಬಂದು ಮರಾಠಿ ಮಾತಾಡಿ ಮಾತಾಡಿ ನಾಲಿಗಿ ದಣದೈತಿ. ಕುಂದ್ರು, ಕುಂದ್ರು."

ಕೂತೆ. ಆಕೆಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಕಲ್ಲಕ್ಕಾ, ಭೂತಗನ್ನಡಿ ಹಿಡಕೊಂಡು ಬಂದಿದ್ರಲ್ಲ, ಅವರು ನಮ್ಮನಿಯವರು" ಎಂದೆ.

ಆಕೆ ಬಿದ್ದು ಬಿದ್ದು ನಕ್ಕಳು. "ಪಾಪ! ಮಂದಿ ಕುಡಗೋಲು ತೋರಸಾಕತ್ರೂ ಅಂವ ಕನ್ನಡೀನ ತೋರಸಾಕತ್ತಿದ್ದ."

"ಅದು ಖರೇನ ಹುಳಾ, ಅಕ್ಕಾ."

"ನನಗೇನ ಕಣ್ಣಿಲ್ಲೇನು? ಹುಳಾ ಅಂತ ನನಗೂ ಕಂಡೈತಿ. ಆದ್ರ ತಂಗೀ, ಈ ಹಾಳ ಕಳ್ಳಿ ನಮ್ಮ ಹೊಲಾ ನುಂಗಿ ಕುಂತೈತಿ. ಕೊಡ್ಲಿಗೆ ಬಗ್ಗಲಿಲ್ಲ, ಬೆಂಕಿಗೆ ಬಗ್ಗಲಿಲ್ಲ. ಇಷ್ಟಿಷ್ಟ ಹುಳಾ ಬಂದು ಅದನ್ನ ಮಲಗಸಾಕತ್ತಾವ ಅಂದ್ರ, ಅದಕ್ಕ ದೇವಿ ಅನ್ನದ ಏನನ್ಲಿ?"

ಆ ಮಾತಿಗೆ ತಲೆದೂಗಿ, ಬಂದ ಕೆಲಸದ ಮಾತೆತ್ತಿದೆ.

"ಹಂಗಿದ್ರ ಹಾಳಿ ಒಯ್ಯಲಿಕ್ಕೆ ಯಾಕ ಬಿಡವಲ್ರಿ?"

"ದೇವಿ ಮೈಮ್ಯಾಲ ಕುಡಗೋಲು ಆಡ್ಸಾಕ ಯಾರ ಬಿಡತಾರ? ನಾನೂ ಬಿಡಂಗಿಲ್ಲ."

ಅಷ್ಟು ಹೇಳಿ, ನಾನು ಹೊರಟೇನೆಂದು, ಉಡಿ ತುಂಬಲು ಎದ್ದಳು. ನಮ್ಮ ಕಡೆಯ ಹೆಂಗಸು ಕಂಡ ಮೇಲೆ ಬರಿಗೈಲಿ ಕಳಿಸುವುದುಂಟೇ? ಸೆರಗೊಡ್ಡಿ ನಿಂತೆ. ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅಡಿಕೆ, ಕುಪ್ಪಸಕ್ಕೆ ಹಸಿರು ಖಣ. ಉಡಿಯಲ್ಲಿ ಭಾರ ತುಂಬುತ್ತಿರುವಾಗ ನನ್ನ ಕಣ್ಣು ಕಳ್ಳಿಯ ಬುಡಕ್ಕೆ ಹೋಯಿತು. ರಸವಿಲ್ಲದೆ ಜೋತು ತಾವಾಗಿಯೇ ಕಳಚಿ ಬಿದ್ದ ಹಾಳೆಗಳು ಅಲ್ಲಿದ್ದವು, ಒಂದೊಂದರ ಮೇಲೂ ಬಿಳಿ ಅರಳೆ. ಅವನ್ನು ಯಾರೂ ಮುಟ್ಟಿರಲಿಲ್ಲ. ದೇವರ ಮೇಲಿನ ಹೂವು ತಾನಾಗಿ ಬಿದ್ದರೆ ನಾವು ಏನು ಮಾಡುತ್ತೇವೆ? ಕಣ್ಣಿಗೊತ್ತಿಕೊಂಡು ಮನೆಗೆ ಒಯ್ಯುತ್ತೇವೆ.

"ಅಕ್ಕಾ, ನಿಮ್ಮ ಉಡಿ ಆತು. ದೇವಿ ಏನೂ ಕೊಡೂದಿಲ್ಲೇನು ನನಗ? ಅಕಿ ಪ್ರಸಾದ ನೆಲಾ ಹಿಡದು ಒಣಗ್ಲಿಕತ್ತದ ನೋಡ್ರಿ."

ಕಲ್ಲವ್ವ ಹಾಳೆಗಳನ್ನು ನೋಡಿದಳು, ನನ್ನನ್ನು ನೋಡಿದಳು. ಕಡಿಯುವುದಲ್ಲ, ಕೀಳುವುದಲ್ಲ. ಬಿದ್ದದ್ದನ್ನು ಎತ್ತುವುದು.

"ಪ್ರಸಾದ ಒಯ್ದು ಎಲ್ಲಿ ಇಡತಿ?" ಎಂದಳು ನಿಧಾನವಾಗಿ.

"ತುಳಿಯೋ ಜಾಗಾದಾಗ ಇಡಬಾರದು. ಹಸರ ಗಿಡದ ಮ್ಯಾಲ ಇಡಬೇಕು. ನಮ್ಮ ದಾರ್ಯಾಗ ಹಸರ ಕಳ್ಳಿ ಬೇಕಾದಷ್ಟು ಅವ."

"ಭಾಳ ಶಾಣ್ಯಾಕಿ ಇದ್ದಿ ನೀ!" ಎಂದು ಬೆನ್ನಿಗೊಂದು ಗುದ್ದು ಕೊಟ್ಟಳು. ಒಳಗಿನಿಂದ ಒಲೆಯ ಇಕ್ಕಳ ತಂದು, ಹಾಳೆಯೊಂದನ್ನು ಹಿಡಿದೆತ್ತಿ, ಹಣೆಗೆ ತಾಕಿಸಿದಂತೆ ಮಾಡಿ, ನಾನು ತಂದಿದ್ದ ಬುಟ್ಟಿಗೆ ಹಾಕಿದಳು. "ನಾ ಯಾರಿಗೂ ಸುಳ್ಳ ಹೇಳಂಗಿಲ್ಲ. ಹುಳಾ ಅಂತನೂ ಹೇಳ್ತೀನಿ, ದೇವಿ ಅಂತನೂ ಹೇಳ್ತೀನಿ. ಯಾರಿಗೆ ಯಾವುದ ಬೇಕೋ ಅದನ್ನ ತಗೊಳ್ಳಲಿ."

ಆ ಬೇಸಗೆಯನ್ನು ನೆನೆದರೆ ಈಗಲೂ ನನಗೆ ಮೈಯೆಲ್ಲ ಹಗುರಾಗುತ್ತದೆ. ಶುಕ್ರವಾರ ಬಂತೆಂದರೆ ಸುತ್ತಿನ ಹಳ್ಳಿಯ ಹೆಂಗಸರು ಉಡಿ ತುಂಬಿಸಿಕೊಳ್ಳಲು ಬರುವರು, ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಇಕ್ಕಳ. ಪ್ರಸಾದ ಒಯ್ದು ತಮ್ಮ ಹೊಲದ ಕಳ್ಳಿಗೆ ಇಡುವರು. ಅಲ್ಲಿಯ ಹಾಳೆ ಬಿದ್ದರೆ ಅಕ್ಕನ ಊರಿಗೆ, ಬೀಗರ ಊರಿಗೆ. ನನ್ನ ಗಂಡ ದೂರದ ಬೇವಿನ ನೆರಳಲ್ಲಿ ನಿಂತು ಇದನ್ನು ನೋಡಿ ಕುಣಿಯುವುದೊಂದು ಬಾಕಿ. ಮಾತಾಡಕೂಡದೆಂದು ನಾನು ತಾಕೀತು ಮಾಡಿದ್ದೆ. ಭೂತಗನ್ನಡಿಯನ್ನು ಮಾತ್ರ ಜೇಬಿನಿಂದ ತೆಗೆದು ತೆಗೆದು ಒಳಗಿಡುತ್ತಿದ್ದರು.

ಒಂದು ಭಯ ನನ್ನನ್ನು ಬಿಟ್ಟಿರಲಿಲ್ಲ. ಬೇರೆ ಕಳ್ಳಿ ಮಲಗುವಂತೆ ದೇವಿಯ ಕಳ್ಳಿಯೂ ಒಂದು ದಿನ ಮಲಗಬೇಕಲ್ಲ? ಮಲಗಿತು, ಸಾಹೇಬರು ಪರೀಕ್ಷೆಗೆ ಬರುವುದಕ್ಕೆ ಸ್ವಲ್ಪ ಮೊದಲು. ಹೋಗಿ ನೋಡಿದರೆ ಅಲ್ಲಿ ಕೊಳೆತ ನಾರಿನ ಗುಪ್ಪೆ. ಹೆಂಗಸರು ಏನೆಂದಾರು, ಹಾಳೆಗಳನ್ನು ಮರಳಿ ತಂದು ನಮ್ಮ ಮೇಲೆ ಎಸೆದಾರೇ ಎಂದು ಆಚೆ ಈಚೆ ನೋಡಿದೆ. ಕಲ್ಲವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಆ ಗುಪ್ಪೆಯನ್ನು ಸಲಿಕೆಯಿಂದ ಎಳೆಯುತ್ತಿದ್ದಳು.

"ಅಕ್ಕಾ, ದೇವಿ..." ಎಂದೆ.

"ಅಕಿ ಒಂದ ಮನ್ಯಾಗ ಎಷ್ಟ ದಿನಾ ಉಣ್ಣಬೇಕು? ಮುಂದಿನ ಊರಿಗೆ ಹ್ವಾದ್ಲು. ನೀ ಸರಿ ಅತ್ತಾಗ, ನಾ ಜ್ವಾಳಕ್ಕ ನೆಲಾ ಹಸನ ಮಾಡಬೇಕು."

ಮೋಡ ಕಟ್ಟತೊಡಗಿದ ದಿನ ಸಾಹೇಬರ ಮೋಟಾರು ಬಂತು. ಕೆಂಪು ಮೋರೆಯ, ಮಾತು ಕಡಿಮೆಯ ಇಂಗ್ಲಿಷಿನವರು. ನಮ್ಮನ್ನು ಕರೆದುಕೊಂಡು ದಿನ್ನೆ ಹತ್ತಿದರು, ಹಿಂದೆಯೇ ಕಲ್ಲವ್ವ ಮತ್ತು ಊರ ಹೆಂಗಸರು. ಕಣ್ಣು ಹಾಯುವಷ್ಟೂ ದೂರ ಕಳ್ಳಿ ಬಿಳಿಚಿಕೊಂಡು ತಲೆ ಬಾಗಿಸಿತ್ತು. ಇಷ್ಟು ದೂರ ಯಾರು ಒಯ್ದರು, ಎಷ್ಟು ಆಳು ಹಚ್ಚಿದಿರಿ ಎಂದು ಇವರನ್ನು ಕೇಳಿದರು. ಇವರಿಗೆ ಸುಳ್ಳು ಬರುವುದಿಲ್ಲ, ನಿಜವನ್ನು ನಯವಾಗಿ ಹೇಳಲಿಕ್ಕೂ ಬರುವುದಿಲ್ಲ.

"ನಾನು ಏನೂ ಮಾಡಲಿಲ್ಲ, ಸಾಹೇಬರೆ. ಆಳು ಒಬ್ಬರೂ ಇಲ್ಲ. ಒಯ್ದವರು ಈ ಹೆಂಗಸರು. ಉಪಾಯ ನನ್ನ ಹೆಂಡತಿಯದು" ಎಂದು ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟರು. ಸಿಂಧಿನ ಮರಳು ನನ್ನ ಕಣ್ಣೆದುರು ಹಾರಿತು.

ಸಾಹೇಬರು ಬಾಯಿ ತೆರೆಯುವುದರೊಳಗೆ ಕಲ್ಲವ್ವ ಮುಂದೆ ಬಂದಳು, ಮೊರದಲ್ಲಿ ತೆಂಗಿನಕಾಯಿ, ಖಣ, ಒಂದು ಹಾಳೆ. ಗಂಡಸಿಗೆ ಉಡಿ ತುಂಬುವುದಿಲ್ಲ, ಆದರೆ ಊರಿಗೆ ಬಂದವರನ್ನು ಹಾಗೇ ಕಳಿಸುವುದೂ ಇಲ್ಲ. "ನಿಮ್ಮ ಮನಿಯವ್ರಿಗೆ ಕೊಡ್ರಿ" ಎಂದಳು. ಸಾಹೇಬರು ಮರ್ಯಾದೆಯಿಂದ ಹ್ಯಾಟು ತೆಗೆದು, ಇಕ್ಕಳದ ವಿಷಯ ಗೊತ್ತಿಲ್ಲದೆ, ಹಾಳೆಗೇ ಕೈ ಹಾಕಿದರು. ಮುಳ್ಳು ನಾಟಿ ಹಾರಿಬಿದ್ದ ಅವರನ್ನು ನೋಡಿ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಬೆರಳು ಚೀಪುತ್ತ ಸಾಹೇಬರೂ ನಕ್ಕರು. ಆ ಮನುಷ್ಯನಿಗೆ ನಗು ಬರುತ್ತದೆಂದು ಖಾತೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ.

ನಕ್ಕು ಮುಗಿಸಿ, ಇನ್ನೂ ಎಷ್ಟೋ ತಾಲೂಕುಗಳಲ್ಲಿ ಕಳ್ಳಿ ಹಾಗೇ ನಿಂತಿದೆ, ಸಿಂಧಿಗೆ ಬೇರೆ ಯಾರನ್ನಾದರೂ ಕಳಿಸೋಣ, ನೀವು ಪುಣೆ ಬಿಡಕೂಡದು ಎಂದರು. ಇವರು ಅದನ್ನು ಕನ್ನಡದಲ್ಲಿ ನನಗೆ ಹೇಳುತ್ತಿರುವಾಗಲೇ ನಾನು ಇವರ ಕೈ ಹಿಡಿದುಬಿಟ್ಟೆ, ಸಾಹೇಬರ ಎದುರು, ಇಡೀ ಊರಿನ ಎದುರು. ಆ ಕಾಲದಲ್ಲಿ ಗಂಡನ ಪಕ್ಕದಲ್ಲಿ ನಡೆಯುವುದೇ ದೊಡ್ಡ ಮಾತು.

"ಕೈ ಬಿಡವ್ವಾ, ಮಂದಿ ನೋಡಾಕತ್ತಾರ!" ಎಂದು ಕಲ್ಲವ್ವ ನನ್ನ ಸೆರಗು ಜಗ್ಗಿದಳು.

"ನೋಡ್ಲಿ ಬಿಡ್ರಿ, ಅಕ್ಕಾ" ಎಂದೆ.