ದೇವರ ಜಗಲಿಯ ಹೊಸ ಹಗ್ಗ

ಇಪ್ಪತ್ತೆರಡರ ಹುಡುಗಿ ಅಂಜಲಿ. ಆದರೂ ಅವಳ ಜಡೆ ಹೆಣೆಯುವ ಕೆಲಸ ಈಗ ಅಜ್ಜಿ ಮುದುಕವ್ವನದು. ಅಂಜಲಿಯ ಬಲಗೈ ತಲೆಯವರೆಗೆ ಏಳುತ್ತದೆ, ಆದರೆ ಅಲ್ಲಿ ನಿಲ್ಲುವುದಿಲ್ಲ. ನಡುಗಿ ಇಳಿದುಬಿಡುತ್ತದೆ.

"ಸುಮ್ಮನ ಕುಂದ್ರ. ಅಲಗಾಡಿದ್ರ ಬೈತಲಿ ಹಳ್ಳದಂಗ ಸೊಟ್ಟ ಹರೀತೈತಿ."

"ಅಜ್ಜಿ, ನೀ ಜಡಿ ಹೆಣ್ಯಾಕತ್ತೀಯೋ, ಎತ್ತಿನ ಹಗ್ಗ ಹೊಸ್ಯಾಕತ್ತೀಯೋ?"

"ಎರಡೂ ಇದೇ ಕೈಯವ್ವ. ಎತ್ತು ನಿನ್ನಂಗ ಮಾತಾಡ್ತಿದ್ದಿಲ್ಲ, ಅಷ್ಟ ಫರಕು."

ತುಂಗಭದ್ರೆಯ ಹಿನ್ನೀರಿನ ದಂಡೆಯ ಊರು ಅವರದು. ಊರಿನ ಮಹಿಳಾ ಸಂಘದವರು ಅಲ್ಲಿ ಒಂದು ಮೋಟಾರ್ ದೋಣಿ ನಡೆಸುತ್ತಾರೆ. ಆ ದೋಣಿಯ ಹಿಂದೆ ಉದ್ದನೆಯ ಹಗ್ಗ ಕಟ್ಟಿ ಅಂಜಲಿ ವಾಟರ್ ಸ್ಕೀ ಆಡುತ್ತಾಳೆ. ಕಾಲಿಗೆ ಹಲಗೆ ಕಟ್ಟಿಕೊಂಡು, ಹಗ್ಗದ ತುದಿಯ ಹಿಡಿಕೆ ಹಿಡಿದು, ದೋಣಿ ಎಳೆದಂತೆ ನೀರಿನ ಮೇಲೆ ನಿಂತು ಜಾರುವ ಆಟ ಅದು. ದೋಣಿ ನಡೆಸುವವನು ಅವಳ ಅಪ್ಪ ಮಾರೆಪ್ಪ. ರಾತ್ರಿಯೆಲ್ಲ ಗಿಣಿಗೇರಾದ ಕಾರ್ಖಾನೆಯಲ್ಲಿ ಪಾಳಿ, ಬೆಳಗಾದರೆ ದೋಣಿ. ಪಾಳಿ ತಿಂದು ಬಿಟ್ಟಷ್ಟು ನಿದ್ದೆ ಅವನ ಪಾಲು.

ಹೋದ ತಿಂಗಳು ಹೊಸ ಹಗ್ಗ ಬಂದಿತ್ತು. ಮಾರೆಪ್ಪ ಅದನ್ನು ಹಬ್ಬದ ಬಟ್ಟೆಯಂತೆ ದೇವರ ಜಗಲಿಯ ಮೇಲಿಟ್ಟ. ಅಮಾವಾಸ್ಯೆಯ ದಿನ ದೋಣಿಗೆ ಕಾಯಿ ಒಡೆದು, ಹಗ್ಗಕ್ಕೆ ಅರಿಶಿನ ಕುಂಕುಮ ಹಚ್ಚಿ, ನೇರವಾಗಿ ದೋಣಿಗೆ ಕಟ್ಟಿ, ಹಿಡಿಕೆ ಅಂಜಲಿಯ ಕೈಗೆ ಕೊಟ್ಟು, ವೇಗ ಏರಿಸಿದ. ಹಗ್ಗ ರಬ್ಬರಿನಂತೆ ಹಿಗ್ಗಿತು, ಕುಗ್ಗಿತು, ಒಮ್ಮೆಲೇ ಜಗ್ಗಿತು. ಹಿಗ್ಗಿದ್ದು ಕುಗ್ಗಿದ್ದು ಹಗ್ಗವಾದರೂ ಪೆಟ್ಟು ಬಿದ್ದದ್ದು ಅಂಜಲಿಯ ಭುಜಕ್ಕೆ.

ಮಾರೆಪ್ಪ ಸಿಟ್ಟಿನಿಂದ ಆ ಹಗ್ಗ ತಂದು ಎಮ್ಮೆಗೆ ಕಟ್ಟಿದ. ಎಮ್ಮೆ ಸ್ಕೀ ಆಡುವುದಿಲ್ಲವಾದ್ದರಿಂದ ಅದರ ಕಡೆಯಿಂದ ದೂರು ಬಂದಿಲ್ಲ.

ಈಗ ಇನ್ನೊಂದು ಹಗ್ಗ ಬಂದಿದೆ. ಅದೂ ಅರಿಶಿನ ಕುಂಕುಮ ಹಚ್ಚಿಸಿಕೊಂಡು ದೇವರ ಜಗಲಿಯ ಮೇಲೆ ಕೂತಿದೆ. ಬರುವ ತಿಂಗಳು ಜಲಕ್ರೀಡೆ ಕಲಿಸುವವರನ್ನು ಆರಿಸುವ ಪರೀಕ್ಷೆ ಇದೆ. ಅಂಜಲಿ ಅದಕ್ಕೆ ಹೆಸರು ಕೊಟ್ಟಿದ್ದಾಳೆ. ನಿಧಾನವಾಗಿ ಆಟ ಶುರು ಮಾಡಬಹುದೆಂದು ಡಾಕ್ಟರು ಹೇಳಿದ್ದಾರೆ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದಾರೆ: ಈ ಭುಜಕ್ಕೆ ಮತ್ತೊಂದು ಜಗ್ಗು ಬಿದ್ದರೆ ಆಟದ ಆಸೆಯನ್ನೇ ಬಿಡಬೇಕು.

ಆ ಬೆಳಿಗ್ಗೆ ಮಾರೆಪ್ಪ ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದ. ಅಷ್ಟರಲ್ಲಿ ಪಕ್ಕದ ಮನೆಯ ರೇಣುಕಾ ಬಂದಳು. ದೋಣಿ ನಡೆಸುವವರಿಗೆ ಸುರಕ್ಷತೆಯ ಪಾಠ ಹೇಳುವುದು ಅವಳ ಕೆಲಸ. ಊರಿನ ಎಲ್ಲರ ದನಿಯನ್ನು ಅಣಕಿಸುವುದು ಅವಳ ಚಟ.

"ಕಾಕಾ, ಜಗಲಿ ಮ್ಯಾಲಿನ ಹಗ್ಗ ಇಳಸ್ರಿ. ಪಳಗಸಬೇಕು ಅದನ್ನ."

ಮಾರೆಪ್ಪ ಗೋಡೆಗೆ ಒರಗಿ ಕೂತುಬಿಟ್ಟ. "ನಾನೇ ಇನ್ನಾ ಪಳಗಿಲ್ಲ, ಹಗ್ಗ ಏನ್ ಪಳಗಸ್ತಿ? ಪರೀಕ್ಷಿ ದಿನಾನ ತಗಿಯೂದು ಅದನ್ನ. ಹೊಸಾದು ಹೊಸಾದಾಗೇ ಇರಲಿ."

"ಹ್ವಾದ ಸಲಾನೂ ಹೊಸಾದೇ ಇತ್ತಲ್ರಿ?"

"ಅದು ಖೊಟ್ಟಿ ಮಾಲು. ಇದು ಭಾಳ ಗಟ್ಟಿ ಐತಿ. ಆನಿ ಜಗ್ಗಿದ್ರೂ ಹರಿಯಂಗಿಲ್ಲ ಅಂದಾನ ಅಂಗಡ್ಯಾಂವ."

ರೇಣುಕಾ ಮೂಗಿನ ದನಿ ತೆಗೆದು ಅಂಗಡಿಯವನಾದಳು. "ಗ್ಯಾರಂಟಿ ಐತ್ರೀ ಯಜಮಾನ್ರ, ಹಗ್ಗಕ್ಕ ಪಕ್ಕಾ ಗ್ಯಾರಂಟಿ! ಭುಜದ್ದು ಮಾತ್ರ ನಮಗ ಕೇಳಬ್ಯಾಡ್ರಿ!"

ಅಂಜಲಿ ನಕ್ಕಳು. ನಗುವಾಗ ಭುಜ ಚಳಕ್ ಎಂದಿತು. ಎಡಗೈಯಿಂದ ಹಿಡಿದುಕೊಂಡಳು. ಅದನ್ನು ನೋಡಿದ ಮೇಲೆ ಯಾರೂ ನಗಲಿಲ್ಲ.

ರೇಣುಕಾ ತನ್ನ ದನಿಗೆ ಮರಳಿದಳು. "ಕಾಕಾ, ಹೊಸ ಹಗ್ಗದಾಗ ಎಳಿಗೋಳು ಇನ್ನಾ ಸಡ್ಲ ಕುಂತಿರ್ತಾವ್ರಿ. ಒಮ್ಮೆಲೇ ಜೋರು ಬಿದ್ರ ಹಿಗ್ಗತಾವ, ಆಮ್ಯಾಲೆ ಫಟ್ ಅಂತ ವಾಪಸ್ ಜಗ್ಗತಾವ. ಮೊದಲ ಸಾವಕಾಶ ಜಗ್ಗಿ, ಹಿಡದು, ಬಿಟ್ಟು ಮಾಡಿದ್ರ ಎಳಿ ಬಿಗಿಯಾಗಿ ಕುಂದರ್ತಾವ. ಹ್ವಾದ ಸಲದ ಹಗ್ಗ ಖೊಟ್ಟಿ ಇದ್ದಿಲ್ರಿ. ನಾವು ಅದಕ್ಕ ವ್ಯಾಳೆ ಕೊಡಲಿಲ್ಲ."

"ವ್ಯಾಳೆ ಎಲ್ಲೈತವ್ವ? ಕಣ್ಣಾಗ ಉಸುಕು ಹಾಕಿದಂಗ ಆಗೇತಿ. ಅಂಜಲಿ ಅವ್ವ ನಸುಕಿನ್ಯಾಗ ಮೆಣಸಿನಕಾಯಿ ಬಿಡಿಸಾಕ ಹೋಗ್ಯಾಳ. ಪ್ಲಾಸ್ಟಿಕ್ ಹಗ್ಗಕ್ಕ ಇಷ್ಟು ಉಪಚಾರ ಯಾಕ?"

ಜಡೆ ಹೆಣೆಯುತ್ತಿದ್ದ ಮುದುಕವ್ವನ ಕೈ ನಿಂತಿತು.

"ಮಾರ್ಯಾ, ನಿಮ್ಮಪ್ಪ ಪುಂಡಿನಾರಿನ ಹೊಸ ಹಗ್ಗಾನ ಎತ್ತಿಗೆ ಹಾಕೂ ಮೊದಲ ಏನ್ ಮಾಡ್ತಿದ್ದ?"

"ನೀರಾಗ ನೆನಸ್ತಿದ್ದ. ಎರಡು ಬೇವಿನ ಗಿಡದ ನಡಕ ಕಟ್ಟಿ ಕಲ್ಲು ಜೋತು ಬಿಡ್ತಿದ್ದ."

"ಯಾಕ?"

"ಎತ್ತಿನ ಕುತ್ತಿಗಿ ನೋಯಬಾರ್ದಂತ."

ಮಾತು ಬಾಯಿಂದ ಹೊರಬಿದ್ದ ಮೇಲೆ ಮಾರೆಪ್ಪನಿಗೇ ಅದು ಕೇಳಿಸಿತು. ಅವನು ಜಗಲಿಯ ಕಡೆ ನೋಡಿದ. ಮಗಳ ಕಡೆ ನೋಡಲಿಲ್ಲ.

"ಎತ್ತಿಗೆ ಮಾಡಿದ್ವಿ," ಎಂದಳು ಮುದುಕವ್ವ. "ಈಕಿಗೆ ಮಾಡಲಿಲ್ಲ. ನನಗೂ ನೆನಪಾಗಲಿಲ್ಲ ನೋಡ."

ಮಾರೆಪ್ಪ ಎದ್ದ. "ಆತು. ಟ್ರ್ಯಾಕ್ಟರಿಗೆ ಕಟ್ಟಿ ಒಂದೇ ಸಲ ಜಗ್ಗಿ ಒಗದು ಮಲಗ್ತೀನಿ."

"ಅಯ್ಯ ಬ್ಯಾಡ್ರಿ! ಹಂಗ ಜಗ್ಗಿದ್ರ ಹರದು, ಚಾಟಿಯಂಗ ಬಂದು ಮಾರಿಗೇ ಹೊಡೀತೈತಿ. ಮೊದಲ ಮಲಗ್ರಿ ಕಾಕಾ. ನಿದ್ದಿಗೆಟ್ಟ ಕೈಯಾಗ ಹಗ್ಗಾನೂ ಕೊಡಬಾರ್ದು, ದೋಣಿನೂ ಕೊಡಬಾರ್ದು. ಸಂಜಿಕ ಮಾಡೂಣು."

ಸಂಜೆ ಸಂಘದ ಅಧ್ಯಕ್ಷೆ ಹಮೀದಾಬಿ ನಾಲ್ಕು ಜನರನ್ನು ಕರೆದುಕೊಂಡು ದಂಡೆಗೆ ಬಂದಳು. ಎಲ್ಲರೂ ಹೊಲದಿಂದ ನೇರ ಬಂದವರು. ಸೀರೆಯ ಅಂಚಿನ ಕೆಸರು ಇನ್ನೂ ಒಣಗಿರಲಿಲ್ಲ.

"ದಿನಾ ಬಗ್ಗಿ ಬಗ್ಗಿ ಟೊಂಕ ಹೋಗೇತಿ. ಈಗ ಜಗ್ಗೂದೊಂದು ಬಾಕಿ ಇತ್ತೇನ ರೇಣುಕಾ?" ಎಂದಳು ಹಮೀದಾಬಿ. ಹಾಗೆನ್ನುತ್ತಲೇ ಹಗ್ಗಕ್ಕೆ ಕೈ ಹಾಕಿದಳು.

ಹಗ್ಗವನ್ನು ಸುರುಳಿ ಬಿಚ್ಚಿ, ತಿರುಚು ತೆಗೆದು, ನೀರಿನಲ್ಲಿ ಅದ್ದಿದರು. ಒಂದು ತುದಿಯನ್ನು ಬೇವಿನ ಮರಕ್ಕೆ ಕಟ್ಟಿದರು. ಇನ್ನೊಂದು ತುದಿ ತಲುಪಿದ ಜಾಗದಲ್ಲಿ ಮುದುಕವ್ವ ನೆಲಕ್ಕೆ ಕಡ್ಡಿ ಚುಚ್ಚಿದಳು. "ಹಗ್ಗ ಕೈಗೆ ಸುತ್ತಿಗೋಬ್ಯಾಡ್ರಿ," ಎಂದಳು ರೇಣುಕಾ. "ಜಗ್ಗೋರು ಹಗ್ಗದ ಬಾಜೂಕ ನಿಂದರ್ರಿ. ಹಗ್ಗದ ನೇರಕ್ಕ, ಹಿಂದ, ಯಾರೂ ನಿಂದರಬ್ಯಾಡ್ರಿ."

ಮೆಲ್ಲಗೆ ಎಳೆದರು. ಹಿಡಿದು ನಿಂತರು. ಮೆಲ್ಲಗೆ ಬಿಟ್ಟರು. ಹಗ್ಗ ದಣಿವಾರಿಸಿಕೊಳ್ಳಲಿ ಎಂದು ತಾವೂ ಕೂತರು. ಮತ್ತೆ ಎದ್ದು ಎಳೆದರು. ಅಂಜಲಿ ದೂರದಲ್ಲಿ ಕೂತು ಡಾಕ್ಟರು ಹೇಳಿಕೊಟ್ಟ ಕಸರತ್ತು ಮಾಡುತ್ತಿದ್ದಳು. ಅವಳದೂ ಅದೇ: ಮೆಲ್ಲಗೆ ಎತ್ತು, ಹಿಡಿ, ಮೆಲ್ಲಗೆ ಬಿಡು.

ಹೊತ್ತು ಮುಳುಗುವ ಮೊದಲು ಹಗ್ಗವನ್ನು ನೆಲಕ್ಕೆ ಚಾಚಿ ನೋಡಿದರು. ತುದಿ ಮುದುಕವ್ವನ ಕಡ್ಡಿಯನ್ನು ದಾಟಿ ಹೋಗಿತ್ತು. ನಿದ್ದೆ ಮುಗಿಸಿ ಬಂದಿದ್ದ ಮಾರೆಪ್ಪ ಮಂಡಿಯೂರಿ ಮೊಳ ಹಾಕಿದ. ಒಂದು ಮೊಳಕ್ಕಿಂತ ಹೆಚ್ಚೇ ಇತ್ತು.

"ಇಷ್ಟು ಹಿಗ್ಗೇತಿ?"

ಈ ಸಲ ರೇಣುಕಾ ಯಾರ ದನಿಯನ್ನೂ ಅಣಕಿಸಲಿಲ್ಲ. "ಹ್ವಾದ ಸಲ ಇದಿಷ್ಟೂ ಅಂಜಲಿ ಭುಜದಾಗ ಹಿಗ್ಗಿತ್ತು ಕಾಕಾ."

ಮಾರೆಪ್ಪ ಆ ತುದಿಯಿಂದಲೇ ಹಗ್ಗವನ್ನು ಸುರುಳಿ ಸುತ್ತಿದ. ಆಮೇಲೆ, "ನಾಳೆ ಏನ್ ಮಾಡೂದೈತಿ? ಹೇಳವ್ವ," ಎಂದ.

ಮರುದಿನ ಮೊದಲು ಟ್ರ್ಯಾಕ್ಟರಿನ ಗಾಳಿ ಟ್ಯೂಬೊಂದನ್ನು ದೋಣಿಯ ಹಿಂದೆ ಕಟ್ಟಿ ನಿಧಾನವಾಗಿ ಎಳೆದರು. ಹಿಡಿಕೆಯ ಬಳಿಯ ಹೆಣಿಗೆ ಜಾರಿಲ್ಲ, ಎಳೆ ಕಿತ್ತಿಲ್ಲ ಎಂದು ಬೆರಳಾಡಿಸಿ ನೋಡಿದರು. ಹಗ್ಗವನ್ನು ನೆರಳಿನಲ್ಲಿ ಒಣಗಿಸಿದರು. ಆಮೇಲೆ ಅಂಜಲಿ ಲೈಫ್ ಜಾಕೆಟ್ ತೊಟ್ಟು ನೀರಿಗಿಳಿದಳು. ಮಾರೆಪ್ಪ ನಿದ್ದೆ ಮುಗಿಸಿ ಬಂದ ದಿನ ಮಾತ್ರ ದೋಣಿ ಹೊರಟಿತು. ದಿನದಿಂದ ದಿನಕ್ಕೆ ವೇಗ ತುಸು ಏರಿತು. ಅರಿಶಿನ ಕುಂಕುಮ ತೊಳೆದು ಹೋಯಿತು, ಹಗ್ಗದ ಹೊಳಪೂ ಹೋಯಿತು. ಜಗ್ಗು ಮಾತ್ರ ಬರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಮುದುಕವ್ವ ಬಾಚಣಿಗೆ ಹಿಡಿದು ಕೂತಿದ್ದಳು. ಅಂಜಲಿ ಅದನ್ನು ಇಸಿದುಕೊಂಡು, ಎರಡೂ ಕೈ ಎತ್ತಿ, ತಾನೇ ಜಡೆ ಹಾಕಿಕೊಂಡಳು. ಬೈತಲೆ ಸ್ವಲ್ಪ ಸೊಟ್ಟಗಿತ್ತು. ಅಜ್ಜಿ ತಿದ್ದಲಿಲ್ಲ.

ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ. ಭುಜ ಮಾತ್ರ ಕ್ಷೇಮವಾಗಿ ಮನೆಗೆ ಬಂದಿದೆ.

ದೋಣಿ ನಡೆಸುವವರೇ, ತೆಪ್ಪ ಎಳೆಯುವವರೇ, ಕೆಸರಿನಲ್ಲಿ ಹೂತ ಟ್ರ್ಯಾಕ್ಟರಿಗೆ ಹಗ್ಗ ಕಟ್ಟುವವರೇ, ನಿಮ್ಮ ಮನೆಯ ಜಗಲಿಯ ಮೇಲೂ ಒಂದು ಹೊಸ ಹಗ್ಗ ಇರಬಹುದು. ಇಂದೇ ಕೆಳಗಿಳಿಸಿ. ಎಳೆಯ ಹಗ್ಗವನ್ನು ಏಕಾಏಕಿ ಎಳೆಯಬೇಡಿ, ಮೆಲ್ಲಗೆ ಪಳಗಿಸಿ. ಅದರ ನೇರಕ್ಕೆ ಯಾರನ್ನೂ ನಿಲ್ಲಿಸಬೇಡಿ. ಕಣ್ಣು ಎಳೆಯುತ್ತಿದ್ದರೆ ಮೊದಲು ನಿದ್ದೆ ಮಾಡಿ. ನೀವು ದಣಿದಿದ್ದೀರಿ, ನಮಗೆ ಗೊತ್ತು. ಆದರೂ ಹೊಸ ಹಗ್ಗಕ್ಕೆ ಒಂದು ಸಂಜೆ ಕೊಡಿ. ನೀವು ಕೊಡದಿದ್ದರೆ ಆ ಸಂಜೆಯನ್ನು ಅದು ನಿಮ್ಮ ಮಗಳ ಭುಜದಿಂದ ವಸೂಲಿ ಮಾಡುತ್ತದೆ.